ಹಾಡಿನ ಹಿಂದಿನ ಮನೆ

ತೊಟ್ಟಿಲನ್ನು ಎಲ್ಲಿಡುವುದು ಎಂಬುದರಿಂದ ಜಗಳ ಶುರುವಾಯಿತು.

ಆ ಮನೆಯಲ್ಲಿದ್ದದ್ದು ಎರಡು ಕೋಣೆ, ಒಂದು ನಡುಮನೆ, ಒಬ್ಬರು ನಿಂತರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದ ಅಡುಗೆಮನೆ. ಗಾಳಿ, ಬೆಳಕು ಎರಡೂ ಇದ್ದದ್ದು ನಡುಮನೆಯ ಕಿಟಕಿ ಮೂಲೆಯಲ್ಲಿ ಮಾತ್ರ. ಅಲ್ಲಿ ಮಾವನ ಕಂಪ್ಯೂಟರ್ ಕೂತಿತ್ತು. ಸ್ವಿಚ್ಚು ಒತ್ತಿದರೆ ಹಿಟ್ಟಿನ ಗಿರಣಿಯ ಸದ್ದು. ಅದು ಏಳುವುದರೊಳಗೆ ಒಂದು ಲೋಟ ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು.

"ಮಗು ಎಲ್ಲಿ ಮಲಗ್ಬೇಕು, ನಿಮ್ಮ ಕಂಪ್ಯೂಟರ್ ತಲೆ ಮೇಲಾ?" ಅತ್ತೆ ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದರು.

"ಮಗು ಬರೋದಕ್ಕೆ ಇನ್ನೂ ಎರಡು ತಿಂಗಳಿದೆ," ಎಂದರು ಮಾವ.

"ನೀವು ಕಿವಿಗೆ ಅದನ್ನ ಸಿಕ್ಕಿಸ್ಕೊಂಡು ಕೂತ್ರೆ ಎರಡು ತಿಂಗಳು ಹೋದದ್ದೂ ಗೊತ್ತಾಗಲ್ಲ, ಮಗು ಬಂದದ್ದೂ ಗೊತ್ತಾಗಲ್ಲ."

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸು ಉಳಿಯುತ್ತಿದ್ದ ಕೈಯನ್ನು ತಟ್ಟೆಯ ಮೇಲೆ ಚಾಚಿ ತೋರಿಸಿದ. "ಅಪ್ಪಾ, ಈಗ ಎಲ್ಲಾ ಇಷ್ಟೇ ಡಬ್ಬೀಲಿ ಹಿಡಿಯುತ್ತೆ. ಒಂದು ಹಾರ್ಡ್ ಡಿಸ್ಕ್ ತರ್ತೀನಿ. ಹಾಡು, ಸಿನಿಮಾ, ಎಲ್ಲಾ ಅದಕ್ಕೆ ಹಾಕಿ ಬೀರುವಲ್ಲಿ ಇಟ್ರಾಯ್ತು. ಕೇಳ್ಬೇಕು ಅಂದಾಗ ಟೀವಿಗೆ ಸಿಕ್ಕಿಸಿ."

"ಹಾಡನ್ನ ಬೀರುವಲ್ಲಿ ಇಡೋದಾ? ಮಡಚಿಟ್ಟ ಬಟ್ಟೆ ತರ?"

"ನುಸಿಗುಳಿಗೆ ಹಾಕಿಡಿ, ಹುಳ ಹಿಡಿಯಲ್ಲ," ಎಂದರು ಅತ್ತೆ.

ಮಾವ ನಗಲಿಲ್ಲ. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಸೊಸೆಯ ಕಡೆ ನೋಡಿದರು. "ಇದ್ದದ್ದು ಇದ್ದ ಹಾಗೇ ಬರುತ್ತಾ ತಾಯಿ?"

ಸೊಸೆ ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದವಳು. ಏಳು ತಿಂಗಳಾದ ಮೇಲೆ ರಜೆ ಹಾಕಿ ಮನೆಯಲ್ಲಿದ್ದಳು. "ಬರುತ್ತೆ ಮಾವ. ಒಂದು ಅಕ್ಷರ ಆಚೀಚೆ ಆಗಲ್ಲ," ಎಂದಳು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಒಂದು ಮಾತನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡಳೋ ಲೆಕ್ಕವಿಲ್ಲ.

ಮಾವ ಇಡೀ ಬೀದಿಗೆ ರೇಡಿಯೋ ಯಜಮಾನ್ರು. ರೇಡಿಯೋ ರಿಪೇರಿ ಅಂಗಡಿ ಮುಚ್ಚಿ ಆರು ವರ್ಷವಾಗಿದ್ದರೂ ಆ ಹೆಸರು ಮುಚ್ಚಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಮನೆಗೆ ಕಂಪ್ಯೂಟರ್ ತಂದಾಗ, ತಮ್ಮ ಹತ್ತಿರವಿದ್ದ ಕ್ಯಾಸೆಟ್ಟಿನ ಹಾಡನ್ನೆಲ್ಲ ಒಂದೊಂದಾಗಿ ಅದಕ್ಕೆ ಇಳಿಸಿದ್ದರು. ಕ್ಯಾಸೆಟ್ ಪ್ಲೇಯರಿಗೂ ಕಂಪ್ಯೂಟರಿಗೂ ನಡುವೆ ಒಂದು ತಂತಿ ಹಾಕಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ರೇಡಿಯೋ ಬಿಚ್ಚಿ ಕೂಡಿಸಿದ ಕೈಗೆ ತಂತಿಯ ಮೇಲೆ ನಂಬಿಕೆಯಿರಲಿಲ್ಲ. "ತಂತಿಯೊಳಗೆ ಹೋದ ಹಾಡಿಗೆ ಗಾಳಿ ತಾಗಲ್ಲ. ಗಾಳಿ ತಾಗದ ಹಾಡು ಬೇಯದ ಅನ್ನ ಇದ್ದ ಹಾಗೆ," ಎನ್ನುತ್ತಿದ್ದರು. ಹಾಗಾಗಿ ನಡುಮನೆಯಲ್ಲಿ ಸ್ಪೀಕರಿನ ಮುಂದೆ ಮೈಕು ನಿಲ್ಲಿಸಿ, ಗಾಳಿಯಲ್ಲಿ ಹಾಡು ಬಿಟ್ಟು, ಗಾಳಿಯಿಂದಲೇ ಹಿಡಿಯುತ್ತಿದ್ದರು.

"ಆಗ ಇವ್ರು ಹಾಡು ಹಿಡಿಯೋದಕ್ಕೆ ಕೂತ್ರೆ ಮನೇಲಿ ಯಾರೂ ಉಸಿರು ಬಿಡೋ ಹಾಗಿರ್ಲಿಲ್ಲ ಕಣೇ," ಎಂದ ಗಂಡ. "ಕೆಮ್ಮು ಬಂದ್ರೆ ಬಚ್ಚಲಿಗೆ ಓಡ್ಬೇಕಿತ್ತು."

ಅತ್ತೆ ಎದ್ದು, ಇನ್ನೂ ಯಾರ ಊಟವೂ ಮುಗಿಯದಿದ್ದರೂ, ಪಾತ್ರೆಗಳನ್ನು ಒಳಗೆ ಒಯ್ಯತೊಡಗಿದರು.

ಗಂಡನಿಗೆ ಒಬ್ಬಳು ತಂಗಿಯಿದ್ದಳು. ಎಂಟನೇ ವರ್ಷಕ್ಕೆ ಜ್ವರ ಬಂದು ಹೋದಳು. ಇದನ್ನು ಅವನು ಮದುವೆಗೆ ಮುಂಚೆ ಒಂದೇ ವಾಕ್ಯದಲ್ಲಿ ಹೇಳಿದ್ದ. ಎರಡನೇ ವಾಕ್ಯ ಇವತ್ತಿನವರೆಗೂ ಬಂದಿರಲಿಲ್ಲ. ಮನೆಯಲ್ಲಿ ಅವಳ ಫೋಟೋ ಇರಲಿಲ್ಲ, ಲಂಗ ಇರಲಿಲ್ಲ, ಹೆಸರೂ ಇರಲಿಲ್ಲ. ಸತ್ತ ಹದಿನೈದನೇ ದಿನ ಅತ್ತೆ ಎಲ್ಲವನ್ನೂ ಕಟ್ಟಿ ಯಾರಿಗೋ ಕೊಟ್ಟು, ಇನ್ನು ಈ ಮನೆಯಲ್ಲಿ ಆ ಹೆಸರು ಎತ್ತಬಾರದು ಅಂದಿದ್ದರಂತೆ. ಎತ್ತಿದರೆ ಅತ್ತೆ ಮೂರು ಮೂರು ದಿನ ಒಲೆ ಹಚ್ಚುತ್ತಿರಲಿಲ್ಲವಂತೆ. ಈ 'ಅಂತೆ'ಗಳೂ ಪಕ್ಕದ ಮನೆಯವರಿಂದ ಬಂದವು.

ಗಂಡ ಹಾರ್ಡ್ ಡಿಸ್ಕ್ ತಂದ. ಯಾರೋ ಬಳಸಿದ್ದು, ಡಿಪೋದ ಸ್ನೇಹಿತ ಅರ್ಧ ಬೆಲೆಗೆ ಕೊಟ್ಟಿದ್ದ. ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು.

"ತೆಂಗಿನಕಾಯಲ್ಲ ಅಪ್ಪಾ ಅದು."

"ಒಳಗೆ ಏನೋ ತಿರುಗುತ್ತಲ್ವಾ, ಅದಕ್ಕೆ ನೋಡ್ದೆ." ಆಮೇಲೆ ಸೊಸೆಯ ಕೈಗಿತ್ತು ಹೇಳಿದರು: "ಏನನ್ನೂ ಮುಟ್ಟಬೇಡ ತಾಯಿ. ತಿದ್ದಬೇಡ. ಮಲಗಿರೋ ಮಗೂನ ಎತ್ತಿದ ಹಾಗೆ ಎತ್ತಿ ಅದಕ್ಕೆ ಇಟ್ಬಿಡು."

ಅವಳು ಮೊದಲು ಸಿನಿಮಾಗಳನ್ನು ಸಾಗಿಸಿದಳು. ಹಳೆಯ ಯಂತ್ರ, ಪರದೆಯ ಮೇಲಿನ ಹಸಿರು ಪಟ್ಟಿ ಆಮೆಯಂತೆ ತೆವಳುತ್ತಿತ್ತು. ಕಾಯುವಾಗ ಹೆಡ್‌ಫೋನ್ ಹಾಕಿಕೊಂಡು ಯಾವುದೋ ಒಂದು ಹಾಡು ತೆರೆದಳು. ಹಾಡಿನ ನಡುವೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಒಂದು, ಎರಡು, ಮೂರು. ಅಯ್ಯೋ, ಬೇಳೆ ಸೀಯುತ್ತದೆ ಎಂದು ಹೆಡ್‌ಫೋನ್ ಕಿತ್ತೆಸೆದು, ಹೊಟ್ಟೆ ಹಿಡಿದುಕೊಂಡು ಓಡಿದಳು.

ಅತ್ತೆ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಒಲೆ ತಣ್ಣಗಿತ್ತು.

"ಏನಮ್ಮಾ, ದೆವ್ವ ನೋಡಿದ ಹಾಗೆ ಓಡಿ ಬಂದೆ?"

"ಕುಕ್ಕರ್ ಕೂಗ್ತಲ್ಲ ಅತ್ತೆ?"

"ಇನ್ನೂ ಒಲೇನೇ ಹಚ್ಚಿಲ್ಲ. ಬಸುರಿ ಕಿವಿ, ಇಲ್ಲದ್ದೆಲ್ಲಾ ಕೇಳುತ್ತೆ." ಹಾಗೆಂದರೂ ಅಕ್ಕಿಯಲ್ಲಿದ್ದ ಅವರ ಬೆರಳು ನಿಂತುಹೋಗಿತ್ತು. "ಹೋಗು, ಕೂತ್ಕೋ. ಓಡಾಡ್ಬೇಡ."

ಅವಳು ಹಿಂದಿರುಗಿ ಹಾಡನ್ನು ಮತ್ತೆ ಹಿಂದಕ್ಕೆ ಸರಿಸಿದಳು. ಕುಕ್ಕರ್ ಹಾಡಿನೊಳಗಿತ್ತು. ಬಚ್ಚಲ ಬಾಗಿಲು ಕಿರ್ರೆಂದದ್ದೂ ಹಾಡಿನೊಳಗೇ. ಈಗಲೂ ಆ ಬಾಗಿಲು ಅದೇ ರಾಗದಲ್ಲಿ ಕಿರ್ರೆನ್ನುತ್ತಿತ್ತು. ಅದು ಇದೇ ಮನೆ, ಇದೇ ಗೋಡೆ. ಹಾಡುಗಾರನ ಬೆನ್ನ ಹಿಂದೆ ಯಾರೋ ಕುರ್ಚಿ ಎಳೆದರು, ಯಾರೋ ಲೋಟ ಇಟ್ಟರು. ಅವಳ ತೋಳಿನ ಮೇಲೆ ಮುಳ್ಳೆದ್ದಿತು. ಅವಳು ಹುಟ್ಟಿ ಬೆಳೆದದ್ದು ಬೇರೆ ಮನೆ. ಇಲ್ಲಿಗೆ ಬಂದು ಎರಡು ವರ್ಷ. ತಾನು ಬರುವ ಮೊದಲೇ ತುಂಬಿ ಹೋಗಿದ್ದ ಮನೆಯೊಂದು ಇದರೊಳಗೇ ಇನ್ನೂ ಓಡಾಡುತ್ತಿದೆ ಎನ್ನಿಸಿತು.

ಮುಂದಿನ ವಾರ ಮಾವನ ಕಣ್ಣಿನ ಪೊರೆ ತೆಗೆಸಬೇಕಿತ್ತು. ಆಸ್ಪತ್ರೆಯ ಹತ್ತಿರವೇ ಅತ್ತೆಯ ತಮ್ಮನ ಮನೆ. ಇಬ್ಬರೂ ಆರು ದಿನಕ್ಕೆಂದು ಅಲ್ಲಿಗೆ ಹೊರಟರು. ಅವರು ಹೊರಡುವಾಗ ಗಂಡ ಇವಳಿಗೆ ಹೇಳಿದ: "ಶನಿವಾರ ಹಳೇ ಸಾಮಾನಿನ ಅಂಗಡಿಯವನು ಹಳೇ ಕಂಪ್ಯೂಟರ್ ಒಯ್ತಾನೆ. ಅಷ್ಟರೊಳಗೆ ಮುಗಿಸ್ಬಿಡು."

ಶುಕ್ರವಾರ ಮಧ್ಯಾಹ್ನ ಹಸಿರು ಪಟ್ಟಿ ನಿಂತಿತು. ಜಾಗ ಸಾಲದು ಎಂದಿತು ಹಾರ್ಡ್ ಡಿಸ್ಕ್. ಅರ್ಧ ಬೆಲೆಯ ಡಬ್ಬಿಯಲ್ಲಿ ಅರ್ಧ ಹೊಟ್ಟೆಯೇ ಇತ್ತು.

ಅವಳು ಹಾಡಿನ ಪಟ್ಟಿ ತೆರೆದಳು. ಆಗ ಕಂಡಿತು: ಆರುನೂರ ಹನ್ನೆರಡು ಹಾಡುಗಳು ಎರಡೆರಡು ಸಲ ಇದ್ದವು. ಒಂದು, ಮಾವ ಮೈಕಿನಲ್ಲಿ ಹಿಡಿದದ್ದು. ಇನ್ನೊಂದು, ಎಷ್ಟೋ ವರ್ಷದ ಮೇಲೆ ಒಬ್ಬ ಗಿರಾಕಿ ಕೊಟ್ಟ ಸಿ.ಡಿ.ಗಳಿಂದ ಹಾಕಿಕೊಂಡ ಶುದ್ಧ ಪ್ರತಿ. ಮೈಕಿನದು ಒಂದೊಂದೂ ಹತ್ತು ಹಾಡಿನ ಜಾಗ ತಿನ್ನುತ್ತಿತ್ತು.

ಒಂದೇ ಪದ ಸಾಲಿನಲ್ಲಿ ಎರಡು ಸಲ ಬಂದರೆ ಒಂದಕ್ಕೆ ಗೆರೆ ಎಳೆಯುವುದು ಅವಳ ಹೊಟ್ಟೆಪಾಡು. ಹನ್ನೊಂದು ವರ್ಷದಿಂದ ದಿನಕ್ಕೆ ನಲವತ್ತು ಪುಟ ಗೆರೆ ಎಳೆದ ಕೈ ಅದು. ಆದರೂ ಅವಳು ಎಚ್ಚರದವಳು. ಅಳಿಸುವ ಮುಂಚೆ ಕೇಳಿ ನೋಡೋಣವೆಂದು ಒಂದನ್ನು ಹಾಕಿದಳು. ಕೊಳಲಿನಿಂದ ಶುರುವಾಗುವ ಹಾಡು. ಕೊಳಲು ಮುಗಿಯುವಲ್ಲಿ ಕುರ್ಚಿ ಎಳೆದ ಸದ್ದು. ಎರಡನೇ ಚರಣದಲ್ಲಿ ಒಂದು ಹೆಣ್ಣು ದನಿ, ಚುರುಕಾದ ಎಳೆ ದನಿ, ದೂರದಿಂದ: "ಬಾ ಇಲ್ಲಿ, ಹಾಲು ಆರ್ತಿದೆ!"

"ಬಂದೆ ಅತ್ತೆ," ಎಂದು ಅವಳು ಎದ್ದು ನಿಂತಳು. ಮನೆ ಖಾಲಿಯಿತ್ತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ನಿಂತಲ್ಲೇ ನಿಂತು ಹಾಡು ಮುಗಿಯುವವರೆಗೆ ಕೇಳಿದಳು. ಕೊನೆಗೆ, ಮೈಕಿನ ತೀರಾ ಹತ್ತಿರ, ಒಂದು ಮಗು ಪಿಸುಗುಟ್ಟಿತು: "ಅಪ್ಪಾ, ಮುಗೀತಾ?" ಗಂಡಸಿನ ದನಿ: "ಶ್!" ಮತ್ತೆ ಮಗು: "ಈಗ ಮಾತಾಡ್ಲಾ?" ಅಷ್ಟಕ್ಕೆ ಕಡಿದುಹೋಯಿತು.

ಸಂಜೆ ಗಂಡ ಬಂದು ಕೈ ತೊಳೆಯುತ್ತಿದ್ದಾಗ ಅವಳು ಟವೆಲು ಹಿಡಿದು ನಿಂತಳು. ಕೇಳಬೇಕೆಂದುಕೊಂಡದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು.

"ರೀ, ಮಾವ ಮೈಕಲ್ಲಿ ಹಿಡಿದ ಹಾಡಲ್ಲಿ ಒಂದು ಮಗು ಮಾತಾಡುತ್ತೆ. ಅದು ನೀವೇ ಅಲ್ವಾ?"

ಅವನು ಉಗುರಿನ ಗ್ರೀಸನ್ನು ತಿಕ್ಕುತ್ತಲೇ ಇದ್ದ. ನೀರು ಸುಮ್ಮನೆ ಹರಿಯಿತು. "ಹೂಂ... ನಾನೇ ಇರ್ಬೇಕು."

"ಜಾಗ ಸಾಲ್ತಿಲ್ಲ. ಗದ್ದಲ ಇರೋದನ್ನ ತೆಗೆದುಬಿಡ್ಲಾ? ಚೆನ್ನಾಗಿರೋ ಪ್ರತಿ ಹೇಗೂ ಇದೆ."

"ತೆಗಿ."

"ಮಾವ ಏನಾದ್ರೂ ಅಂದ್ರೆ?"

"ಏನೂ ಅನ್ನಲ್ಲ. ತೆಗಿ ಅಂದ್ನಲ್ಲ!" ಟವೆಲು ಕಿತ್ತುಕೊಂಡು ಒಳಗೆ ಹೋದ.

ಅವಳಿಗೆ ಬೇಸರವಾಗಬೇಕಿತ್ತು, ಆದದ್ದು ನಿರಾಳ. ಶನಿವಾರ ಬೆಳಗ್ಗೆ ತಿಂಡಿ ಮುಗಿಸಿ ಕೂತು, ಜೋಡಿ ಜೋಡಿಯಾಗಿ ನೋಡಿ, ಆರುನೂರ ಹನ್ನೆರಡನ್ನೂ ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಉಳಿದದ್ದೆಲ್ಲ ಹಾರ್ಡ್ ಡಿಸ್ಕಿನಲ್ಲಿ ಸುಖವಾಗಿ ಹಿಡಿಯಿತು. ಮಧ್ಯಾಹ್ನ ಅಂಗಡಿಯವನು ಬಂದು ಯಂತ್ರವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಅವಳು ಮೂಲೆ ಗುಡಿಸಿ, ಒರೆಸಿ, ತೊಟ್ಟಿಲು ಇಡುವ ಜಾಗವನ್ನು ಅಳೆದು ನೋಡಿದಳು.

ಮಾವ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದರು. ಮೂರು ವಾರ ಟೀವಿ, ಪೇಪರು ನೋಡುವ ಹಾಗಿಲ್ಲ. "ಕಿವಿಗೆ ಡಾಕ್ಟ್ರು ಬೇಡ ಅಂದಿಲ್ಲ," ಎಂದು ನಕ್ಕರು. "ನೋಡೋಣ, ನಿನ್ನ ಡಬ್ಬಿ ಏನು ಹೇಳುತ್ತೆ."

ಅವಳು ಹಾರ್ಡ್ ಡಿಸ್ಕನ್ನು ಟೀವಿಗೆ ಸಿಕ್ಕಿಸಿ, ಹೆಡ್‌ಫೋನನ್ನು ಅವರ ಕಿವಿಗಿಟ್ಟಳು. ಅತ್ತೆ ಎಂದಿನಂತೆ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಮಾಳಿಗೆ ಮೆಟ್ಟಿಲು ಹತ್ತಿದರು. ಮಾವ ಹಾಡು ಕೇಳುವ ಹೊತ್ತಿಗೇ ಅತ್ತೆಗೆ ಮಾಳಿಗೆಯ ಕೆಲಸ.

"ಆ ಕೊಳಲಿಂದು ಹಾಕು ತಾಯಿ."

ಹಾಕಿದಳು. ಮಾವ ತಲೆಯನ್ನು ಒಂದು ಕಡೆ ವಾಲಿಸಿ ಕೂತರು. ಕೊಳಲು ಮುಗಿಯುವಾಗ ಅವರ ಹುಬ್ಬು ಮೇಲೆದ್ದು, ಏನೂ ಬಾರದಿದ್ದಾಗ ಹಾಗೇ ನಿಂತಿತು.

"ಇದಲ್ಲ. ಇದೇ ಹಾಡು ಇನ್ನೊಂದಿದೆ ನೋಡು."

"ಒಂದೇ ಇರೋದು ಮಾವ."

"ಹಾಗಾದ್ರೆ ಆ ದೋಣಿಯವನ ಹಾಡು?"

ಹಾಕಿದಳು. ಆಮೇಲೆ ಇನ್ನೊಂದು. ಆಮೇಲೆ ಮತ್ತೂ ಒಂದು. ಪ್ರತಿ ಹಾಡಿನ ಕೊನೆಗೂ ಮಾವ ಉಸಿರು ಹಿಡಿದು ಕಾದರು. ಅವಳು ಕರಡು ತಿದ್ದಿ ಒಪ್ಪಿಸುವಾಗಿನ ದನಿಯಲ್ಲಿ ಹೇಳಿದಳು: "ಎರಡೆರಡು ಇದ್ವು ಮಾವ. ಗದ್ದಲ ಇದ್ದದ್ದನ್ನೆಲ್ಲ ತೆಗೆದು ಶುದ್ಧವಾಗಿರೋದನ್ನ ಮಾತ್ರ ಇಟ್ಟಿದೀನಿ. ಜಾಗಾನೂ ಉಳೀತು."

"ಎಲ್ಲಾನೂ?"

"ಎಲ್ಲಾನೂ."

ಮಾವ ಹೆಡ್‌ಫೋನ್ ತೆಗೆದು, ವೈರನ್ನು ಸಿಕ್ಕಾಗದ ಹಾಗೆ ಸುತ್ತಿ, ಮಡಿಲಲ್ಲಿಟ್ಟುಕೊಂಡರು. "ಸರಿ ತಾಯಿ," ಎಂದರು. "ತುಂಬಾ ಕಷ್ಟಪಟ್ಟಿದೀಯ. ಹೋಗು, ಸ್ವಲ್ಪ ಮಲಕ್ಕೋ."

ಆ ದಿನದಿಂದ ಅವರು ಹಾಡು ಕೇಳಲಿಲ್ಲ.

ಮನೆಯಲ್ಲಿ ದನಿ ಎತ್ತಿದವರು ಯಾರೂ ಇಲ್ಲ, ಆದರೆ ಊಟದ ಲೆಕ್ಕ ತಪ್ಪಿತು. ಮಾವನ ಪಾಲಿನ ಅನ್ನ ಪಾತ್ರೆಯಲ್ಲಿ ಉಳಿಯತೊಡಗಿತು. ಎರಡು ತುತ್ತು ತಿಂದು, ಕಣ್ಣು ಎಳೆಯುತ್ತದೆ ಎಂದು ಎದ್ದುಬಿಡುವರು. ಮಧ್ಯಾಹ್ನ ಎರಡಕ್ಕೆ ತೊಟ್ಟಿಲಿಗೆ ಬಿಟ್ಟ ಮೂಲೆಯ ಪಕ್ಕದ ಕುರ್ಚಿಗೆ ಬಂದು, ಕೈ ಮಡಿಲಲ್ಲಿಟ್ಟು, ನಾಲ್ಕರವರೆಗೆ ಕೂರುವರು. ಕಿವಿಯಲ್ಲಿ ಏನೂ ಇಲ್ಲ.

"ಏನ್ರೀ, ಬಸ್ಸು ಕಾಯ್ತಿದೀರಾ?" ಎಂದು ಅತ್ತೆ ಚುಚ್ಚಿದರು. "ಗಂಜಿ ಮಾಡ್ಲಾ? ಮೊಟ್ಟೆ ಬೇಯಿಸ್ಲಾ? ಬಾಯಿಗೆ ಬೀಗ ಹಾಕಿ ಆಸ್ಪತ್ರೇಲೇ ಬೀಗದ ಕೈ ಬಿಟ್ಟು ಬಂದ್ರಾ?"

"ನೀನು ಮಾಡಿದ್ದು ಯಾವುದಾದ್ರೂ ಸರಿ," ಎಂದರು ಮಾವ. ಅಡುಗೆಗೆ ಹೆಸರಿಡದೆ ಒಂದು ದಿನವೂ ಉಂಡವರಲ್ಲ ಅವರು. ಅತ್ತೆಗೆ ಆಗಲೇ ಭಯವಾಗಿದ್ದು.

ಅದರ ಮರುದಿನ ಅತ್ತೆ ಮಾಳಿಗೆಗೆ ಹೋಗಲಿಲ್ಲ. ಮಾವ ಕಣ್ಣು ತೋರಿಸಿಕೊಳ್ಳಲು ಮಗನ ಜೊತೆ ಹೋಗಿದ್ದರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಸೊಸೆಯ ಪಕ್ಕ ಕೂತರು.

"ಆ ಕೊಳಲಿನ ಹಾಡು ಹಾಕು."

ಸೊಸೆ ಹಾಕಿದಳು.

"ಇದಲ್ಲ. ಗಾಳಿ ತಾಗಿದ್ದು ಹಾಕು. ಕುರ್ಚಿ ಎಳೆಯೋದು, ಹಾಲು ಆರ್ತಿದೆ ಅಂತ ನಾನು ಕೂಗೋದು."

ಸೊಸೆ ತಿರುಗಿ ನೋಡಿದಳು. "ನಿಮಗೆ... ನೀವು ಅದನ್ನ ಕೇಳಿದೀರಾ?"

"ಎಷ್ಟೋ ವರ್ಷದಿಂದ ಕೇಳ್ತಿದೀನಿ. ಅವರ ಕಿವಿ ಮಂದ ಆದಮೇಲೆ ಹೆಡ್‌ಫೋನ್‌ನಿಂದ ಹೊರಗೂ ಸೋರುತ್ತೆ. ನಾನು ಮಾಳಿಗೇಲಿ ಎರಡು ಗಂಟೆ ಬಟ್ಟೆ ಒಣಗಿಸ್ತೀನಿ ಅಂದ್ಕೊಂಡಿದ್ಯಾ? ಮೂರನೇ ಮೆಟ್ಟಿಲಲ್ಲಿ ಕೂತಿರ್ತೀನಿ. ಹಾಕು."

"ಇಲ್ಲ ಅತ್ತೆ."

"ಇಲ್ಲ ಅಂದ್ರೆ?"

"ಅಳಿಸ್ಬಿಟ್ಟೆ."

ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಸೊಸೆಯ ಮುಖವನ್ನೇ ನೋಡುತ್ತ, ಕಾಗದ ಓದುವವರಂತೆ ನಿಧಾನಕ್ಕೆ ಕೇಳಿದರು: "ಅದರಲ್ಲಿ ಮಾತಾಡೋದು ಯಾರು ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಇವರನ್ನ ಕೇಳ್ದೆ. ನಾನೇ ಇರ್ಬೇಕು ಅಂದ್ರು."

ಗಂಡ ಅಪ್ಪನನ್ನು ಕೋಣೆಯಲ್ಲಿ ಮಲಗಿಸಿ ಹೊರಗೆ ಬರುವುದನ್ನೇ ಅತ್ತೆ ಕಾಯುತ್ತಿದ್ದರು.

"ಏನೋ, ನೀನು ಅಪ್ಪನ ಹಾಡಲ್ಲಿ 'ಮಾತಾಡ್ಲಾ' ಅಂತ ಕೇಳ್ತಿದ್ಯಾ? ಆಗ ನಿಂಗೆ ಹನ್ನೊಂದು ವರ್ಷ. ನಿನ್ನ ದನಿ ಆಗಲೇ ಒಡೆದ ಕೊಡ ಇದ್ದ ಹಾಗಿತ್ತು."

ಅವನು ಅಮ್ಮನನ್ನೂ ಹೆಂಡತಿಯನ್ನೂ ನೋಡಿದ. "ಮೆಲ್ಲಗೆ ಮಾತಾಡು. ಅಪ್ಪ ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಳಲಿ! ಯಾಕೋ ಸುಳ್ಳು ಹೇಳ್ದೆ?"

"ಇನ್ನೇನು ಹೇಳ್ಬೇಕಿತ್ತು? ನೀನೇ ತಾನೇ ಅಂದಿದ್ದು, ಹೆಸರು ಎತ್ತಬೇಡ ಅಂತ? ಇಪ್ಪತ್ತು ವರ್ಷ ಬಾಯಿ ಮುಚ್ಕೊಂಡಿದೀನಿ ಅಮ್ಮಾ. ಅವಳು ಟವೆಲು ಹಿಡ್ಕೊಂಡು ಕೇಳಿದ ತಕ್ಷಣ ಬಾಯಿ ಹೇಗೆ ತೆರೆಯೋದು? ತುಕ್ಕು ಹಿಡಿದು ಹೋಗಿದೆ, ಗೊತ್ತಾ? ಬೋಲ್ಟಾದ್ರೆ ಎಣ್ಣೆ ಬಿಟ್ಟು ತಿರುವ್ತಿದ್ದೆ."

"ನಾನು ಹೆಸರು ಎತ್ತಬೇಡ ಅಂದೆ. ಅವಳನ್ನ ಅಳಿಸು ಅಂದ್ನಾ?"

"ಎರಡಕ್ಕೂ ಏನಮ್ಮ ವ್ಯತ್ಯಾಸ?"

ಅತ್ತೆಯ ಕೈ ಮೇಲೆದ್ದಿತು. ಸೊಸೆ ನಡುವೆ ಬಂದಳು. "ತಪ್ಪು ನಂದು ಅತ್ತೆ. ನಾನು ಕೇಳಿದ್ದೇ ಹಾಗೆ. 'ನೀವೇ ಅಲ್ವಾ' ಅಂತ ಉತ್ತರಾನೂ ನಾನೇ ಕೊಟ್ಟು ಕೇಳ್ದೆ. ನಂಗೆ ಅನುಮಾನ ಇತ್ತು. ಕೇಳೋದಕ್ಕೆ ಹೆದರಿಕೆ ಆಯ್ತು."

ಕೋಣೆಯ ಬಾಗಿಲು ತೆರೆದೇ ಇತ್ತು. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದವರ ಬೆನ್ನು ಹಾಗಿರುವುದಿಲ್ಲ.

ಮರುದಿನ ಅತ್ತೆ, ಸೊಸೆ ಇಬ್ಬರೂ ಅಂಗಡಿಗೆ ಹೋದರು. ಅತ್ತೆಯೇ ಮುಂದೆ. ಹಳೆ ಯಂತ್ರ ಕೊಂಡು ಬಿಚ್ಚಿ ಮಾರುವ ಅಂಗಡಿ. ಕಪಾಟಿನ ತುಂಬ ಕರುಳು ಕಿತ್ತ ಡಬ್ಬಿಗಳು. ಅಂಗಡಿಯವನು ಒಳ್ಳೆಯವನೇ. ಸ್ಟೂಲು ಹಾಕಿ ಕೂರಿಸಿ, ನೀರು ಕೊಟ್ಟು, ಪುಸ್ತಕ ತಿರುವಿ ನೋಡಿದ.

"ಅಮ್ಮಾ, ಬಂದ ದಿನಾನೇ ಒರೆಸಿದ್ವಿ. ನಾವು ಒರೆಸೋದು ಅಂದ್ರೆ ಸ್ಲೇಟು ಒರೆಸಿದ ಹಾಗಲ್ಲ, ಬಳಪದ ಗುರುತೂ ಉಳಿಯಲ್ಲ. ಡಿಸ್ಕೂ ತೀರಾ ಹಳೇದು, ಅದಕ್ಕೆ ಗುಜರಿಗೆ ತೂಕಕ್ಕೆ ಹಾಕಿಟ್ಟಿದೀವಿ."

"ಎಲ್ಲಿದೆ? ತೋರ್ಸಿ."

ಅವನು ಮೂಲೆಯ ತಗಡಿನ ತಟ್ಟೆ ತೋರಿಸಿದ. ಅಂಥವೇ ಐವತ್ತು ಅರವತ್ತು ಡಿಸ್ಕುಗಳು ರಾಶಿ ಬಿದ್ದಿದ್ದವು, ಒಂದಕ್ಕೊಂದು ವ್ಯತ್ಯಾಸವಿಲ್ಲ.

"ಯಾವುದು?"

"ಅದು ಹೇಗಮ್ಮ ಹೇಳೋದು?"

ಅತ್ತೆ ಬಗ್ಗಿ ಒಂದನ್ನು ಎತ್ತಿಕೊಂಡರು. ಮಾವ ಮಾಡಿದಂತೆಯೇ ಕಿವಿಯ ಹತ್ತಿರ ಹಿಡಿದರು. ಅದನ್ನಿಟ್ಟು ಇನ್ನೊಂದು, ಮತ್ತೊಂದು. ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳು ಮಾತು ನಿಲ್ಲಿಸಿದರು. ಏಳನೆಯದೋ ಎಂಟನೆಯದೋ ಕಿವಿಗಿಟ್ಟಾಗ ಸೊಸೆ ತೋಳು ಹಿಡಿದಳು. "ಬನ್ನಿ ಅತ್ತೆ. ಮನೆಗೆ ಹೋಗೋಣ."

ದಾರಿಯಲ್ಲಿ ಅತ್ತೆ ಒಂದೇ ಮಾತಾಡಿದ್ದು. "ಜೀರುಂಡೆ ಅಂತ ಕರೀತಿದ್ವಿ. ಬಾಯಿ ಮುಚ್ತಾನೇ ಇರ್ಲಿಲ್ಲ."

ಎರಡನೇ ವಾಕ್ಯ ಬಂದಿತ್ತು. ಆದರೆ ಅದು ಎಂಥ ಹೊತ್ತಿಗೆ ಬಂತು! ಸೊಸೆ ಅವರ ಕೈಚೀಲ ಹೊತ್ತು ನಡೆದಳು. ಆ ವಾರವೆಲ್ಲ ಅವಳಿಗೆ ಕುಕ್ಕರ್ ಕೂಗಿದರೆ ಬೆಚ್ಚಿಬೀಳುವ ಹಾಗಾಯಿತು. ಬಚ್ಚಲ ಬಾಗಿಲು ಕಿರ್ರೆಂದರೆ ಅದರ ಹಿಂದೆಯೇ ಬರಬೇಕಾದ ಪಿಸುಮಾತಿಗೆ ಕಿವಿ ತಾನಾಗಿ ಕಾಯುತ್ತಿತ್ತು. ಬರುತ್ತಿರಲಿಲ್ಲ. ಇಷ್ಟು ದಿನ ಮನೆಯೊಳಗೆ ಯಾರೋ ಇದ್ದಾರೆಂದು ಹೆದರಿದ್ದವಳು, ಈಗ ಯಾರೂ ಇಲ್ಲವೆಂದು ಹೆದರಿದಳು.

ಮಾವನ ಕಣ್ಣಿನ ಪಟ್ಟಿ ಬಿಚ್ಚಿ ಎರಡು ದಿನವಾಗಿತ್ತು. ಮಧ್ಯಾಹ್ನ ಎರಡು ಗಂಟೆ. ಸೊಸೆ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ನಡುಮನೆಯಲ್ಲಿ ಕೊಳಲು ಕೇಳಿಸಿತು. ಹೆಡ್‌ಫೋನಿನಿಂದಲ್ಲ, ಟೀವಿಯಿಂದಲೇ, ಇಡೀ ಮನೆಗೆ ಕೇಳುವ ಹಾಗೆ. ಅವಳು ಬಾಗಿಲ ಮರೆಗೆ ಬಂದಳು.

ಹಾರ್ಡ್ ಡಿಸ್ಕ್ ಸಿಕ್ಕಿಸಿದವರು ಅತ್ತೆ. ಮಾವ ಕುರ್ಚಿಯಲ್ಲಿ ಕೂತಿದ್ದರು, ಬೇಡ ಎನ್ನುವವರಂತೆ ಒಂದು ಕೈ ಅರ್ಧ ಎತ್ತಿ. ಶುದ್ಧವಾದ, ಒರೆಸಿಟ್ಟಂಥ ಹಾಡು. ಕೊಳಲು ಮುಗಿಯಿತು. ಆಗ ಅತ್ತೆ ಪಕ್ಕದ ಕುರ್ಚಿಯನ್ನು ನೆಲದ ಮೇಲೆ ಸರ್ರನೆ ಎಳೆದರು.

ಮಾವನ ಕೈ ಗಾಳಿಯಲ್ಲೇ ನಿಂತಿತು.

ಎರಡನೇ ಚರಣ ಬಂದಾಗ ಅತ್ತೆ ಅಡುಗೆಮನೆಯ ಕಡೆ ತಿರುಗಿ, ಇಪ್ಪತ್ತು ವರ್ಷ ಕಡಿಮೆಯಾದ ದನಿಯಲ್ಲಿ ಕೂಗಿದರು: "ಬಾ ಇಲ್ಲಿ, ಹಾಲು ಆರ್ತಿದೆ!" ಸೊಸೆ ಅಲ್ಲಿದ್ದದ್ದು ಅವರಿಗೆ ಕಂಡಂತಿರಲಿಲ್ಲ. ಆಮೇಲೆ ಮಾವನ ಕಾಲ ಬಳಿ ನೆಲದ ಮೇಲೆ, ಮಂಡಿ ನೋವಿಗೆ ಒಮ್ಮೆ ಮುಲುಕಿ, ಕೂತರು. ಹಾಡಿನ ಕೊನೆಯ ಸಾಲು ಇಳಿಯುತ್ತಿತ್ತು. ಅರವತ್ತು ದಾಟಿದ ಹೆಂಗಸಿನ ಗಂಟಲಿನಿಂದ ಎಂಟು ವರ್ಷದ ಮಗು ಪಿಸುಗುಟ್ಟಿತು:

"ಅಪ್ಪಾ, ಮುಗೀತಾ?"

ಅದೇ ದನಿ. ಸೊಸೆಯ ಹೊಟ್ಟೆಯೊಳಗೆ ಮಗು ಒದೆಯಿತು.

"ಈಗ ಮಾತಾಡ್ಲಾ?"

ಮಾವ ಎತ್ತಿದ್ದ ಕೈ ಇಳಿಸಿದರು. "ಮಾತಾಡು," ಎಂದರು. "ಮಾತಾಡು, ಜೀರುಂಡೆ."

ಹಾಡು ಮುಗಿದಿತ್ತು. ಮಗುವಿನ ದನಿ ಅಲ್ಲಿಗೇ ಮುಗಿಯುತ್ತಿತ್ತು. ಆರುನೂರು ಹಾಡುಗಳಲ್ಲಿ ಒಂದರಲ್ಲೂ ಅದರಾಚೆ ಏನೂ ಇರಲಿಲ್ಲ. ಮಾವ ಕಾದರು.

"ಏನು ಹೇಳ್ಬೇಕು ಅಂತಿದ್ಲೋ," ಎಂದರು ಕೊನೆಗೆ. "ನಾನು ಇನ್ನೊಂದು ಕ್ಯಾಸೆಟ್ ಹಾಕ್ಬಿಡ್ತಿದ್ದೆ."

"ನನ್ನ ಹತ್ರ ಹೇಳ್ತಿದ್ಲು," ಎಂದರು ಅತ್ತೆ, ಈಗ ತಮ್ಮದೇ ದನಿಯಲ್ಲಿ. "ಅಡುಗೆಮನೆಗೆ ಓಡಿ ಬರೋಳು. 'ಅಪ್ಪನ ಹಾಡು ಮುಗಿಯೋದ್ರೊಳಗೆ ನಂಗೆ ಮರ್ತುಹೋಗುತ್ತೆ, ನೀನು ಇಟ್ಕೋ ಅಮ್ಮಾ, ಆಮೇಲೆ ಅಪ್ಪಂಗೆ ಹೇಳು' ಅನ್ನೋಳು. ನಾನು ಹೂಂ ಅಂತ ಎಲ್ಲಾ ಇಟ್ಕೊಂಡೆ. ನಿಮಗೆ ಕೊಡ್ಲೇ ಇಲ್ಲ."

"ಎಷ್ಟಿದೆ?"

"ಬೇಕಾದಷ್ಟಿದೆ."

ಮಾವ ಮುಂದಕ್ಕೆ ಬಾಗಿದರು. ಸೊಸೆ ಕುದಿಯುತ್ತಿದ್ದ ನೀರಿನ ಒಲೆಯನ್ನು ಸದ್ದಾಗದಂತೆ ಆರಿಸಿ ಬಂದು, ಹೊಸ್ತಿಲಾಚೆಯ ನೆಲದ ಮೇಲೆ ಗೋಡೆಗೊರಗಿ ಕೂತಳು.

"ಮೂರನೇ ಮನೆ ನಾಯಿಗೆ ಬಿಕ್ಕಳಿಕೆ ಬರುತ್ತಂತೆ," ಅತ್ತೆ ಶುರುಮಾಡಿದರು. "ನೀರು ಕುಡಿಸಿದ್ಲಂತೆ. ನಿಲ್ಲಲಿಲ್ವಂತೆ. ಅದಕ್ಕೆ ಇವಳೇನು ಮಾಡಿದ್ಲು ಗೊತ್ತಾ..."